ಬಡೆಸೋಪಿನ ತಟ್ಟೆಗೆ ಬಂದ ನಾಣ್ಯ

ಲೆಕ್ಕದ ಪ್ರಕಾರ ಹೀಗಾಗಬಾರದು. ನಾಣ್ಯ ಜಾಸ್ತಿ ಇದ್ದ ಕಡೆ ತಪ್ಪು ನಾಣ್ಯವೂ ಜಾಸ್ತಿ ಸಿಗಬೇಕು ತಾನೇ? ಮುಂಬಯಿಯ ಮಾಟುಂಗಾ, ದಾದರ್ ಕಡೆಯ ಕೆಲವು ಉಡುಪಿ ಹೋಟೆಲುಗಳ ಲೆಕ್ಕ ಬರೆಯುವವನು ನಾನು. ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ, ಸಂಜೆ ತಿಂಡಿಯ ಗಿರಾಕಿ ಬರುವುದಕ್ಕೆ ಮುಂಚಿನ ಹೊತ್ತು ನನ್ನದು. ಆಗ ಗಲ್ಲಾದ ಚಿಲ್ಲರೆಯನ್ನೂ ಬ್ಯಾಂಕಿನಿಂದ ತಂದ ನಾಣ್ಯದ ಚೀಲವನ್ನೂ ಕೈಯಾಡಿಸಿ ನೋಡುವ ಚಟ ಹತ್ತಿ ವರ್ಷಗಳೇ ಆದವು. ಟಂಕಸಾಲೆಯಲ್ಲಿ ಅಚ್ಚು ತಪ್ಪಿ, ತಪಾಸಣೆಯವರ ಕಣ್ಣೂ ತಪ್ಪಿಸಿ ಹೊರಬಿದ್ದ ನಾಣ್ಯಗಳು ನನಗೆ ಬೇಕು. ಬ್ಯಾಂಕಿನ ಚೀಲಗಳಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೆ. ಗಲ್ಲಾದಲ್ಲಿ ಸ್ವಲ್ಪ ವಾಸಿ. ನನ್ನ ಬಳಿ ಇರುವ ಒಳ್ಳೆಯ ಮಾಲು ಮಾತ್ರ ಬಹುಪಾಲು ಬಂದದ್ದು ವೇಟರ್ ಹುಡುಗರ ಟಿಪ್ಸ್ ಡಬ್ಬಿಯಿಂದ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜಿನ ಮೇಲೆ ಸುರಿದು ಪಾಲು ಹಾಕಿಕೊಳ್ಳುವ ಆ ನಾಲ್ಕು ಮುಷ್ಟಿ ಚಿಲ್ಲರೆಯಿಂದ. ಚೀಲಗಟ್ಟಲೆ ಜಾಲಾಡಿದರೂ ಕಾಣದ್ದು ಅಲ್ಲಿ ಯಾಕೆ ಕಾಣುತ್ತದೆ ಎಂಬುದು ಬಹಳ ದಿನದಿಂದ ತಲೆ ತಿನ್ನುತ್ತಿತ್ತು.

ಅಚ್ಚು ತಪ್ಪುವುದು

ಏನು ಹುಡುಕುತ್ತೇನೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ‘ಎರರ್ ಕಾಯಿನ್’ ಎಂದ ಕೂಡಲೇ ಜನ ವಾಟ್ಸಾಪಿನಲ್ಲಿ ಬಂದ ವೈಷ್ಣೋದೇವಿ ನಾಣ್ಯದ ಸುದ್ದಿ ತೆಗೆಯುತ್ತಾರೆ. ‘ಹತ್ತು ಲಕ್ಷ ಸಿಗ್ತದಂತೆ ಹೌದಾ?’ ಇಲ್ಲ ಮಾರಾಯ್ರೆ. ಅದು ಸರಕಾರವೇ ಬೇಕೆಂದು ಹೊರಡಿಸಿದ ಸ್ಮರಣೆಯ ನಾಣ್ಯ, ಧಾರಾಳವಾಗಿ ಚಲಾವಣೆಯಲ್ಲಿದೆ, ಅದರಲ್ಲಿ ತಪ್ಪೇನೂ ಇಲ್ಲ. ಹಳೆಯ ನೋಟು-ನಾಣ್ಯ ಕೊಳ್ಳುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಕಮಿಷನ್ ಕೀಳುವವರು ಹೆಚ್ಚಾದಾಗ, ತಾನು ಅಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ಆ ಬ್ಯಾಂಕು 2021ರಲ್ಲಿ ಪ್ರಕಟಣೆ ಹೊರಡಿಸಿ ಎಚ್ಚರಿಸಬೇಕಾಯಿತು. ಇಸವಿಯ ಕೆಳಗಿನ ಗುರುತುಗಳೂ ತಪ್ಪಲ್ಲ. ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಮ್ಮ ಟಂಕಸಾಲೆಗಳ ಕೈ ಸಾಲದೆ ಹೊರದೇಶದಲ್ಲಿ ಹೊಡೆಸಿದ ಕಾಲದವೂ ಇವೆ. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ‘ಎಚ್’ ಕಂಡರೆ ಅದು ಬರ್ಮಿಂಗ್‌ಹ್ಯಾಮಿನದು. ಇವೆಲ್ಲ ಬಗೆಗಳು. ನನಗೆ ಬೇಕಾದದ್ದು ಎಡವಟ್ಟುಗಳು.

ಲೋಹದ ಉದ್ದನೆಯ ಪಟ್ಟಿಯಿಂದ ಬಿಲ್ಲೆ ಕತ್ತರಿಸುತ್ತಾರೆ. ಪೂರಿ ಹಿಟ್ಟನ್ನು ದೊಡ್ಡದಾಗಿ ಲಟ್ಟಿಸಿ ಡಬ್ಬಿಯ ಮುಚ್ಚಳದಲ್ಲಿ ಒತ್ತಿ ಒತ್ತಿ ತೆಗೆಯುವುದಿಲ್ಲವೇ, ಅದೇ ಕೆಲಸ. ಪಟ್ಟಿ ಸರಿಯಾಗಿ ಮುಂದೆ ಜರುಗದೆ ಹೋದರೆ ಮುಂದಿನ ಒತ್ತು ಹಿಂದಿನ ತೂತಿನ ಮೇಲೆ ಸ್ವಲ್ಪ ಬೀಳುತ್ತದೆ, ಬಿಲ್ಲೆಯ ಒಂದು ಬದಿ ಕಮಾನಿನಂತೆ ಕತ್ತರಿಸಿಹೋಗುತ್ತದೆ. ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡಿ, ತೊಳೆದು, ಅಂಚು ಎತ್ತರಿಸಿ, ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂರಿಸಿ ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಮಿಷನ್ನು ನಿಮಿಷಕ್ಕೆ ನೂರಾರು ಬಾರಿ ಹೊಡೆಯುತ್ತಿರುತ್ತದೆ. ಬಿಲ್ಲೆ ಬಳೆಯೊಳಗೆ ಪೂರ್ತಿ ಕೂರದಿದ್ದರೆ ಚಿತ್ರ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕ ಬೋಳು ಉಳಿಯುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ಅಚ್ಚಿನ ಅಕ್ಷರದೊಳಗೆ ಗ್ರೀಸು ತುಂಬಿಕೊಂಡರೆ ಆ ಅಕ್ಷರವೇ ಮೂಡುವುದಿಲ್ಲ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದು ಅದರ ಕೆಳಗೆ ಮುಂದಿನ ಬಿಲ್ಲೆ ಬಂದರಂತೂ ದೊಡ್ಡ ಮಜ: ಆ ಬಿಲ್ಲೆಯ ಒಂದು ಮುಖದಲ್ಲಿ ಸರಿಯಾದ ಚಿತ್ರ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ಉಲ್ಟಾ, ಒಳಗೆ ತಗ್ಗಾಗಿ. ಇದಕ್ಕೆ ಬ್ರಾಕೇಜ್ ಎನ್ನುತ್ತಾರೆ. ನಮ್ಮ ಸಂಗ್ರಾಹಕರ ಬಾಯಲ್ಲಿ ‘ಲಖಿ’.

ಹುಡುಕುವುದಕ್ಕೆ ದೊಡ್ಡ ಸರಂಜಾಮೇನೂ ಬೇಡ. ಭೂತಗನ್ನಡಿ, ಅಕ್ಕಸಾಲಿಗರ ಬಳಿ ಇರುವಂಥ ಚಿಕ್ಕ ತಕ್ಕಡಿ, ಒಂದು ಅಯಸ್ಕಾಂತ. ಸ್ಟೀಲಿನ ಒಂದು-ಎರಡು ರೂಪಾಯಿ ಅಯಸ್ಕಾಂತಕ್ಕೆ ಹತ್ತುತ್ತವೆ, ಹಳೆಯ ದಪ್ಪ ಐದು ರೂಪಾಯಿ ಹತ್ತುವುದಿಲ್ಲ. ಹತ್ತಬೇಕಾದ್ದು ಹತ್ತದಿದ್ದರೆ ಬೇರೆ ನಾಣ್ಯದ ಬಿಲ್ಲೆಯ ಮೇಲೆ ಅಚ್ಚು ಬಿದ್ದಿದೆಯೋ ಎಂದು ನೋಡಬೇಕು. ತೂಕ ಇನ್ನೊಂದು ಸಾಕ್ಷಿ. ಹಾಗೆಂದು ತೂಕವನ್ನೇ ನಂಬಿ ಕೂತರೂ ಆಗದು: 2011ರಿಂದ ಬಂದ ಎರಡು ರೂಪಾಯಿ 4.85 ಗ್ರಾಂ, 25 ಮಿಲಿಮೀಟರ್. ಅದಕ್ಕೆ ಮುಂಚೆ ಇದ್ದ ಹೆಬ್ಬೆರಳು ಎತ್ತಿದ ಕೈಯ ಒಂದು ರೂಪಾಯಿಯೂ ಅಷ್ಟೇ ತೂಕ, ಅಷ್ಟೇ ಅಗಲ. ಹೋದ ವರ್ಷದ ಒಂದು ಈ ವರ್ಷ ಎರಡಾಯಿತು ಎಂದು ಗಲ್ಲಾದಲ್ಲಿ ಕೂತವರು ಆಗ ಗೊಣಗಿದ್ದು ಸುಮ್ಮನೆ ಅಲ್ಲ. ಅಚ್ಚು ತಿರುಗಿದೆಯೋ ನೋಡುವುದು ಎಲ್ಲಕ್ಕಿಂತ ಸುಲಭ. ಸಿಂಹದ ಮುಖ ನೆಟ್ಟಗಿರುವಂತೆ ಮೇಲೊಂದು ಕೆಳಗೊಂದು ಬೆರಳಿಟ್ಟು ಹಿಡಿದು, ಬಾಗಿಲಿನ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಹಿಂಬದಿಯ ಅಂಕಿಯೂ ನೆಟ್ಟಗೆ ಬರಬೇಕು. ವಾಲಿದ್ದರೆ, ತಲೆಕೆಳಗಾಗಿದ್ದರೆ, ಆ ನಾಣ್ಯ ಎತ್ತಿಡಿ.

ಸೀಲು ಒಡೆಯದ ಚೀಲ

ಅಮೆರಿಕದ ಹವ್ಯಾಸಿಗಳು ಬ್ಯಾಂಕಿಗೆ ಹೋಗಿ ಕಾಗದದಲ್ಲಿ ಸುತ್ತಿದ ನಾಣ್ಯದ ಸುರುಳಿಗಳನ್ನು ತರುತ್ತಾರೆ, ಐವತ್ತು ಸೆಂಟಿನ ಒಂದೊಂದು ಸುರುಳಿ ಬಿಚ್ಚಿ ನೋಡಿ, ಬೇಡದ್ದನ್ನು ಮತ್ತೆ ಸುತ್ತಿ ಇನ್ನೊಂದು ಬ್ಯಾಂಕಿಗೆ ಕಟ್ಟುತ್ತಾರೆ. ಅಲ್ಲಿ ಅದೊಂದು ಕ್ರೀಡೆ. ನಮ್ಮಲ್ಲಿ ಸುರುಳಿ ಇಲ್ಲ, ಪ್ಲಾಸ್ಟಿಕ್ ಚೀಲ. ಚಿಲ್ಲರೆ ಬೇಕೆಂದು ಹೋದರೆ ಕೆಲವು ಶಾಖೆಯವರು ಖುಷಿಯಿಂದ ಕೊಡುತ್ತಾರೆ. ವಾಪಸ್ ಕಟ್ಟಲು ಹೋದರೆ ಮಾತ್ರ ಕೌಂಟರಿನಾಚೆಯ ಮುಖ ನೋಡಬೇಕು. ಹೋಟೆಲಿನವರಿಗೆ ಚಿಲ್ಲರೆ ಹೇಗೂ ಬೇಕಾದ್ದರಿಂದ ನನಗೆ ಆ ತಾಪತ್ರಯ ಇಲ್ಲ.

ಹೊಸ ಚೀಲದಲ್ಲಿ ಒಂದು ಸೊಗಸು ಇದೆ, ಅದನ್ನು ಒಪ್ಪಬೇಕು. ಎಲ್ಲ ಒಂದೇ ಇಸವಿ, ಒಂದೇ ಟಂಕಸಾಲೆ, ಎಷ್ಟೋ ಸಲ ಒಂದೇ ಅಚ್ಚು. ಒಮ್ಮೆ ಎರಡು ರೂಪಾಯಿಯ ಚೀಲವೊಂದರಲ್ಲಿ ಅಂಚಿನಿಂದ ಹೊರಟ ಕೂದಲೆಳೆಯಷ್ಟು ತೆಳುವಾದ ಗೆರೆ ಕಂಡಿತು. ಇನ್ನೊಂದರಲ್ಲಿ ಅದೇ ಗೆರೆ ಸ್ವಲ್ಪ ಉದ್ದ. ಮತ್ತೊಂದರಲ್ಲಿ ಅದು ಅಕ್ಷರ ದಾಟಿ ಅಂಕಿಯ ಬುಡಕ್ಕೆ ಬಂದಿತ್ತು. ಅವನ್ನು ಸಾಲಾಗಿ ಜೋಡಿಸಿದರೆ ಅಚ್ಚೊಂದು ಸಾಯುತ್ತಾ ಬಂದ ಕ್ರಮವೇ ಮೇಜಿನ ಮೇಲೆ ಕಾಣುತ್ತಿತ್ತು. ಕಾಸಿನ ಲೆಕ್ಕದಲ್ಲಿ ಅವಕ್ಕೆ ಕಿಮ್ಮತ್ತಿಲ್ಲ, ನಾನಂತೂ ಇಟ್ಟುಕೊಂಡಿದ್ದೇನೆ.

ಆದರೆ ದೊಡ್ಡ ಎಡವಟ್ಟುಗಳು ಚೀಲದಲ್ಲಿ ಯಾಕಿಲ್ಲ? ಟಂಕಸಾಲೆಯ ಜರಡಿ, ತಪಾಸಣೆ ಅವನ್ನು ಹಿಡಿಯುತ್ತವೆ ಎಂಬುದು ಒಂದು ಉತ್ತರ. ಹಿಡಿದದ್ದನ್ನೂ ಬಿಟ್ಟುಬಿಟ್ಟ ಕತೆ ಇದೆ. 1955ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಲಿಂಕನ್ ಮುಖದ ಒಂದು ಸೆಂಟು ಅಕ್ಷರ-ಅಂಕಿಗಳೆಲ್ಲ ಜೋಡಿಯಾಗಿ ಮೂಡಿ ಬಂತು. ಅಚ್ಚು ತಯಾರಿಸುವಾಗಲೇ ಸ್ವಲ್ಪ ಜರುಗಿ ಎರಡು ಸಲ ಒತ್ತಿಸಿಕೊಂಡಿತ್ತು. ಅಲ್ಲಿಯವರಿಗೆ ಗೊತ್ತಾಗುವಷ್ಟರಲ್ಲಿ 20 ಸಾವಿರಕ್ಕೂ ಹೆಚ್ಚು ನಾಣ್ಯ ಒಳ್ಳೆಯ ನಾಣ್ಯದ ರಾಶಿಯಲ್ಲಿ ಬೆರೆತಿತ್ತು. ಇಷ್ಟಕ್ಕೆ ರಾಶಿಯನ್ನೆಲ್ಲ ಕರಗಿಸುವುದೇ ಎಂದು ಹೊರಗೆ ಬಿಟ್ಟರು. ಆಗ ದುಡ್ಡು ಹಾಕಿದರೆ ಸಿಗರೇಟು ಕೊಡುವ ಮಿಷನ್ನಿನಲ್ಲಿ ಪ್ಯಾಕಿಗೆ 23 ಸೆಂಟು. 25 ಹಾಕಿದವರಿಗೆ ಉಳಿದ ಎರಡು ಸೆಂಟನ್ನು ಪ್ಯಾಕಿನ ಹೊರಗಿನ ಪಾರದರ್ಶಕ ಹಾಳೆಯೊಳಗೇ ಸಿಕ್ಕಿಸಿರುತ್ತಿದ್ದರು, ಆ ನಾಣ್ಯಗಳಲ್ಲಿ ಬಹಳಷ್ಟು ಜನರಿಗೆ ಸಿಕ್ಕಿದ್ದು ಹಾಗೆ. ಈ ಕತೆ ಓದಿದಾಗ ನನಗೆ ಹೊಳೆದದ್ದು ಇಷ್ಟು: ಯಾರೂ ಕೈಯಲ್ಲಿ ಹಿಡಿದು ಕೊಡದ ಚಿಲ್ಲರೆ ಅದು. ಕೊಡುವವನೂ ನೋಡಲಿಲ್ಲ, ತೆಗೆದುಕೊಳ್ಳುವವನೂ ಬೇಡ ಎನ್ನುವಂತಿರಲಿಲ್ಲ.

ನಡೆಯದ ದುಡ್ಡು

ಹತ್ತು ರೂಪಾಯಿ ನಾಣ್ಯದ ಗಲಾಟೆ ನೆನಪಿರಬಹುದು. ನಾಣ್ಯದ ಮೇಲೆ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬ ಗಾಳಿಮಾತು. ರೂಪಾಯಿಯ ಚಿಹ್ನೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಊರಿಗೆ ಹೋದರೆ ಬಸ್ಸಿನಲ್ಲೂ ಅಂಗಡಿಯಲ್ಲೂ ತೆಗೆದುಕೊಳ್ಳುತ್ತಿರಲಿಲ್ಲ. ಚಿಹ್ನೆಯೇ 2011ರ ಸರಣಿಯಿಂದ ಬಂದದ್ದು, ಅದಕ್ಕೆ ಮುಂಚಿನ ನಾಣ್ಯದಲ್ಲಿ ಎಲ್ಲಿಂದ ಇರಬೇಕು? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು 14 ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳಿವೆ, ಹದಿನಾಲ್ಕೂ ಸಕ್ರಮ ಎಂದು ಸಾರಿತು. ಸಾರಿದ ಮೇಲೂ ಬಹಳ ಕಡೆ ಅದು ಓಡಲಿಲ್ಲ. ಮುಂಬಯಿಯಲ್ಲಿ ಅಷ್ಟು ತಂಟೆ ನಾನು ಕಂಡಿಲ್ಲ. ಇಲ್ಲಿ ‘ಸುಟ್ಟೆ ಪೈಸೆ’ಗೆ, ಅಂದರೆ ಚಿಲ್ಲರೆಗೆ, ಪರದಾಟ ಎಷ್ಟೆಂದರೆ ಗುಂಡಗಿರುವುದನ್ನೆಲ್ಲ ಜನ ತೆಗೆದುಕೊಳ್ಳುತ್ತಿದ್ದರು. ಆದರೂ ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ಆಗಿನಿಂದ ಇಲ್ಲಿಗೂ ಬಂತು.

ಸರಿಯಾದ ನಾಣ್ಯಕ್ಕೇ ಈ ಗತಿಯಾದರೆ ನಿಜವಾಗಿ ತಪ್ಪಿದ ನಾಣ್ಯದ ಪಾಡೇನು? ಬಟಾಟೆವಡೆಯ ಗಾಡಿಯವನು ‘ಯೇ ನಹೀಂ ಚಲೇಗಾ’ ಎಂದು ವಾಪಸ್ ಕೊಡುತ್ತಾನೆ. ತರಕಾರಿಯವಳೂ ಕೊಡುತ್ತಾಳೆ. ಮೂರು ಕಡೆ ತಿರಸ್ಕಾರವಾದ ಮೇಲೆ ಅದನ್ನು ಇಟ್ಟುಕೊಂಡವನು, ಇದು ಎಲ್ಲಿ ನಡೆಯುತ್ತದೆ ಎಂದು ಹುಡುಕತೊಡಗುತ್ತಾನೆ. ಬೇಡ ಎನ್ನಲು ಬಾಯಿಲ್ಲದ ಕಡೆ ನಡೆಯುತ್ತದೆ. ದೇವಸ್ಥಾನದ ಹುಂಡಿ ನಾಣ್ಯ ತಿರುಗಿಸಿ ನೋಡುವುದಿಲ್ಲ. ಸಿಗ್ನಲ್ಲಿನಲ್ಲಿ ಕೈಚಾಚಿದವರು ಕೊಟ್ಟದ್ದನ್ನು ವಾಪಸ್ ಕೊಡುವುದಿಲ್ಲ. ಮತ್ತೆ, ಹೋಟೆಲಿನಲ್ಲಿ ಬಿಲ್ಲಿನ ಜೊತೆ ಬರುವ ಬಡೆಸೋಪಿನ ತಟ್ಟೆ.

ಇದನ್ನು ನಾನು ಊಹಿಸಿದ್ದಲ್ಲ, ಕಣ್ಣಾರೆ ಕಂಡದ್ದು. ಹತ್ತಿರದ ಆಫೀಸಿನ ಕಾಯಂ ಗಿರಾಕಿ, ಸಭ್ಯರೇ. ಬಿಲ್ಲನ್ನು ಕ್ಯೂಆರ್‌ಗೆ ಹಿಡಿದು ಕಟ್ಟಿದರು. ಗಲ್ಲಾದ ಮೇಲಿನ ಪೆಟ್ಟಿಗೆ ದುಡ್ಡು ಬಂತೆಂದು ಕೂಗಿತು. ಆಮೇಲೆ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ ಐದರ ಎರಡು ನಾಣ್ಯ ತೆಗೆದರು. ಎರಡನ್ನೂ ಅಂಗೈಯಲ್ಲಿಟ್ಟು ನೋಡಿ, ಒಂದನ್ನು ಮತ್ತೆ ಜೇಬಿಗೆ ಇಳಿಸಿದರು, ಇನ್ನೊಂದನ್ನು ಬಡೆಸೋಪಿನ ಮೇಲೆ ಮೆಲ್ಲಗೆ ಮಲಗಿಸಿ ಎದ್ದು ಹೋದರು. ಹೋಗಿ ನೋಡಿದೆ. ಹಿತ್ತಾಳೆ ಬಣ್ಣದ ಐದು ರೂಪಾಯಿ. ಐದರ ಅಂಕಿ ಮಧ್ಯದಲ್ಲಿರದೆ ಬಲಕ್ಕೆ ಜರುಗಿ ಅಂಚಿಗೆ ತಾಗಿದೆ, ಎಡಗಡೆ ಹೆಬ್ಬೆರಳಿಡುವಷ್ಟು ಜಾಗ ನುಣ್ಣಗೆ, ಏನೂ ಇಲ್ಲ. ಬಡೆಸೋಪಿನ ಸಕ್ಕರೆ ಹರಳೊಂದು ಆ ಬೋಳು ಜಾಗಕ್ಕೆ ಅಂಟಿತ್ತು. ಕಾಲರಿನೊಳಗೆ ಕೂರದೆ ಏಟು ತಿಂದ ನಾಣ್ಯ, ಅನುಮಾನವೇ ಇಲ್ಲ.

ಯುಪಿಐ ಬಂದ ಮೇಲೆ ಗಲ್ಲಾಕ್ಕೆ ನಾಣ್ಯ ಬರುವುದೇ ಕಮ್ಮಿಯಾಯಿತು. ಮುಂಬಯಿಯ ಸಿಟಿ ಬಸ್ಸಾದ ಬೆಸ್ಟಿನ ಕನಿಷ್ಠ ಟಿಕೀಟು 2019ರಲ್ಲಿ ಐದು ರೂಪಾಯಿಗೆ ಇಳಿದು, ಎಸಿ ಬಸ್ಸಿಗೆ ಆರು ಆದಾಗ ಒಂದು ರೂಪಾಯಿಗೆ ಜೀವ ಇತ್ತು. 2025ರ ಮೇನಲ್ಲಿ ಅದು ಹತ್ತು, ಹನ್ನೆರಡು ಆಯಿತು. ಹೋಟೆಲಿನಲ್ಲಿ ಈಗ ರೊಕ್ಕದಲ್ಲಿ ಉಳಿದದ್ದು ಹೆಚ್ಚಾಗಿ ಟಿಪ್ಸ್ ಒಂದೇ. ಜೇಬಿನ ತಳದಲ್ಲಿ ಬಹಳ ದಿನದಿಂದ ಬಿದ್ದಿದ್ದು, ಎಲ್ಲೂ ಓಡದೇ ಇದ್ದದ್ದು ಅಲ್ಲಿಗೆ ಬರುತ್ತದೆ. ಬ್ಯಾಂಕಿನ ಚೀಲಕ್ಕೂ ಟಿಪ್ಸ್ ಡಬ್ಬಿಗೂ ಇರುವ ವ್ಯತ್ಯಾಸ ಇಷ್ಟೇ. ಚೀಲದ ನಾಣ್ಯ ಇನ್ನೂ ಯಾರ ಕೈಯನ್ನೂ ಕಂಡಿಲ್ಲ. ಡಬ್ಬಿಯದನ್ನು ಊರೆಲ್ಲ ಬೆರಳಲ್ಲಿ ತಿರುಗಿಸಿ ನೋಡಿ, ಆರಿಸಿ, ದೂಡಿದೆ. ನನ್ನ ಕೆಲಸವನ್ನು ಅವರೇ ಅರ್ಧ ಮಾಡಿಕೊಟ್ಟಿದ್ದಾರೆ.

ಫೋರ್ಟಿನ ಫುಟ್‌ಪಾತು

ಮುಂಬಯಿ ಟಂಕಸಾಲೆ ಫೋರ್ಟಿನಲ್ಲಿದೆ, ರಿಸರ್ವ್ ಬ್ಯಾಂಕಿನ ಎದುರಿಗೆ, 1820ರ ದಶಕದಲ್ಲಿ ಕಟ್ಟಿದ ಕಟ್ಟಡ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಪಿ.ಎಂ. ರಸ್ತೆಯ ಅಮರ್ ಬಿಲ್ಡಿಂಗಿನಲ್ಲಿ, ರಿಸರ್ವ್ ಬ್ಯಾಂಕಿನ ನಾಣ್ಯ-ನೋಟುಗಳ ಮ್ಯೂಸಿಯಂ. ಅಬ್ದುಲ್ ಕಲಾಂ ರಾಷ್ಟ್ರಪತಿಯಾಗಿದ್ದಾಗ 2004ರಲ್ಲಿ ಉದ್ಘಾಟಿಸಿದ್ದು. ನೋಡಲೇಬೇಕಾದ ಜಾಗ. ಅದೇ ಸುತ್ತಿನ ಫುಟ್‌ಪಾತಿನಲ್ಲಿ ಬಟ್ಟೆ ಹಾಸಿ ಹಳೆಯ ನಾಣ್ಯ ಮಾರುವವರೂ ಇದ್ದಾರೆ, ನನಗೆ ಬುದ್ಧಿ ಬಂದದ್ದು ಅಲ್ಲಿ.

ಟಿಪ್ಸ್ ಡಬ್ಬಿಯಲ್ಲಿ ಬಂದ ಒಂದು ರೂಪಾಯಿ ತೆಗೆದುಕೊಂಡು ಹೋಗಿದ್ದೆ. ಒಂದು ಮುಖದಲ್ಲಿ ಅಕ್ಷರಗಳು ಉಲ್ಟಾ, ಒಳಗೆ ಇಳಿದು ಮೂಡಿದ್ದವು. ಲಖಿ ಎಂದೇ ನಂಬಿದ್ದ ನನ್ನ ಕೈಯಿಂದ ಆ ವ್ಯಾಪಾರಿ ತೆಗೆದುಕೊಂಡವನು, ಉಲ್ಟಾ ಮುಖ ನೋಡಲೇ ಇಲ್ಲ. ತಿರುಗಿಸಿ ಸರಿಯಿದ್ದ ಮುಖಕ್ಕೆ ಭೂತಗನ್ನಡಿ ಹಿಡಿದ. ‘ಇಲ್ಲಿ ನೋಡಿ ಸೇಠ್,’ ಎಂದ. ಸಿಂಹದ ಎದೆಯ ಉಬ್ಬೆಲ್ಲ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಟಂಕಸಾಲೆಯಲ್ಲೇ ಆದ ಲಖಿಯಾದರೆ ಈ ಮುಖ ಅಚ್ಚಿನೊಳಗೆ ಕೂತು ಬಂದಿರುತ್ತದೆ, ಚೂಪಾಗಿರಬೇಕು. ಇದು ಯಾರೋ ವೈಸಿನಲ್ಲಿ, ಅಂದರೆ ತಿರುಪು ತಿರುಗಿಸಿ ಬಿಗಿಯುವ ಹಿಡಿಕೆಯಲ್ಲಿ, ಎರಡು ನಾಣ್ಯ ಜೋಡಿಸಿ ಬಿಗಿದದ್ದು; ಒಂದರ ಉಬ್ಬು ಇನ್ನೊಂದರಲ್ಲಿ ತಗ್ಗಾಗಿದೆ, ಹೊರಗಿನ ಮುಖ ವೈಸಿನ ದವಡೆಗೆ ಸಿಕ್ಕಿ ಜಜ್ಜಿದೆ. ಹತ್ತು ರೂಪಾಯಿಯ ನಡುವಿನ ಬಿಲ್ಲೆ ಕಳಚಿ ತಿರುವಿ ಹಾಕುವವರಿದ್ದಾರೆ, ರೈಲು ಹಳಿಯ ಮೇಲಿಟ್ಟು ಅಗಲ ಮಾಡಿದ್ದನ್ನು ಮಾರಲು ತರುವವರಿದ್ದಾರೆ ಎಂದೂ ಹೇಳಿದ. ನಾಣ್ಯ ಒಡೆಯುವುದು, ಕರಗಿಸುವುದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ ಎಂಬುದು ಇವರ ಯಾರ ತಲೆಗೂ ಹೋಗುವುದಿಲ್ಲ. ಆಮೇಲೆ ಆ ಜರುಗಿದ ಐದು ರೂಪಾಯಿ ತೋರಿಸಿದೆ. ಅದನ್ನು ಅವನು ತಕ್ಕಡಿಗೆ ಹಾಕಿದ, ಅಂಚು ಸುತ್ತಲೂ ನೋಡಿದ, ಹಿಂದೆ ಕೊಡದೆ ಬೆರಳುಗಳ ನಡುವೆ ಇಟ್ಟುಕೊಂಡೇ ರೇಟು ಹೇಳಿದ. ದೊಡ್ಡ ಮೊತ್ತವೇನಲ್ಲ. ನಮ್ಮ ಹೋಟೆಲಿನ ಊಟಕ್ಕಿಂತ ಜಾಸ್ತಿ ಎನ್ನಬಹುದು. ನಾನು ಕೊಡಲಿಲ್ಲ.

ಉಪಕಾರ

ಆ ಐದು ರೂಪಾಯಿಯನ್ನು ನಾನು ಹುಡುಗನಿಂದ ಬದಲಾಯಿಸಿಕೊಂಡಿದ್ದೆ. ಬೈಂದೂರು ಕಡೆಯವ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಆ ಟೇಬಲ್ ಅವನದು. ನನ್ನ ಜೇಬಿನಿಂದ ಬೇರೆ ಐದು ರೂಪಾಯಿ ಕೊಟ್ಟಾಗ ಅವನು, ‘ಉಪಕಾರ ಆಯ್ತು ಮಾಮ. ಇಂಥದ್ದು ಬಂದ್ರೆ ಪಾನ್ ಅಂಗಡಿಯವ ತಕ್ಕೊಳ್ಳುದಿಲ್ಲ, ನಮ್ಮ ಕೈಯಲ್ಲೇ ಉಳೀತದೆ’ ಎಂದ. ಫೋರ್ಟಿನಿಂದ ಬರುವಾಗ ರೈಲಿನಲ್ಲಿ ಆ ‘ಉಪಕಾರ’ವೇ ಕಿವಿಯಲ್ಲಿತ್ತು. ಐದು ಕೊಟ್ಟು ಐದು ತೆಗೆದುಕೊಂಡದ್ದರಲ್ಲಿ ಮೋಸವಿಲ್ಲ. ಆದರೆ ಆ ವಸ್ತು ನನ್ನ ಬಳಿಗೆ ಬಂದದ್ದೇ, ಅದನ್ನು ಬೇಡ ಎನ್ನುವ ಹಕ್ಕು ಅವನಿಗೆ ಇಲ್ಲದ ಕಾರಣಕ್ಕೆ.

ಈ ಪ್ರಶ್ನೆಯನ್ನು ಗಲ್ಲಾದಲ್ಲಿ ಕೂರುವ ಅಣ್ಣನ ಮುಂದಿಟ್ಟೆ. ಅವರು ಹತ್ತರ ಹತ್ತರ ನಾಣ್ಯದ ಕಂಬ ಜೋಡಿಸುತ್ತಾ, ‘ಎಂತ ಮಾರಾಯ್ರೆ, ನೋಡುವ ಕಣ್ಣು ನಿಮ್ಮದು, ಮಾಲು ನಿಮ್ಮದು. ನಮಗೆ ಅದು ಎಷ್ಟು ವರ್ಷ ಎದುರು ಇದ್ರೂ ಐದು ರೂಪಾಯಿಯೇ’ ಎಂದರು. ಧಣಿಗಳು ಒಳಗಿನಿಂದ ಕೇಳಿಸಿಕೊಂಡು ಬಂದರು. ಅವರದು ಖಡಕ್ ಲೆಕ್ಕ: ‘ಗಲ್ಲಾಕ್ಕೆ ಬಂದದ್ದು ನಂದು, ತಟ್ಟೆಗೆ ಬಂದದ್ದು ಹುಡುಗರದ್ದು. ಗಲ್ಲಾದ್ದರಲ್ಲಿ ಏನಾದ್ರೂ ಸಿಕ್ರೆ ನಂಗೆ ಹೇಳಿ ತಕ್ಕೊಳ್ಳಿ.’ ಇಷ್ಟು ವರ್ಷ ಅವರ ಗಲ್ಲಾ ಜಾಲಾಡಿದ್ದಕ್ಕೆ ಒಂದು ಮಾತೂ ಆಡದವರು, ಊಟಕ್ಕಿಂತ ಜಾಸ್ತಿ ಎಂದ ಕೂಡಲೇ ಕಿವಿ ನೆಟ್ಟಗೆ ಮಾಡಿದ್ದು ನೋಡಿ.

ಕಣ್ಣಿಗೂ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಕಲಿಯುವುದಕ್ಕೆ ನಾನು ಕಣ್ಣು ನೋಯಿಸಿಕೊಂಡಿದ್ದೇನೆ. ಆದರೂ ನನ್ನ ಮನಸ್ಸು ಹುಡುಗನ ಕಡೆಗೇ ವಾಲುತ್ತದೆ. ಊರೆಲ್ಲ ದಾಟಿಸಿ ದಾಟಿಸಿ ಬಂದ ಅನುಮಾನ ಕೊನೆಗೆ ಅವನ ಪಾಲಿಗೆ ನಿಂತಿತು, ಅದರ ನಷ್ಟಕ್ಕೆ ಅವನು ತಯಾರಿದ್ದ. ನಷ್ಟಕ್ಕೆ ನಿಂತವನಿಗೆ ಲಾಭದಲ್ಲೂ ಪಾಲಿರಬೇಕು. ಹಾಗಾಗಿ ಅವನಿಗೆ ವಿಷಯ ಹೇಳಿದೆ; ವ್ಯಾಪಾರಿ ಹೇಳಿದ ರೇಟಿನ ಅರ್ಧವನ್ನೂ ಕೊಟ್ಟೆ. ಅವನು ದುಡ್ಡು ಎಣಿಸಿ ಜೇಬಿಗೆ ಹಾಕಿ, ಭೂತಗನ್ನಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಈಗ ರಾತ್ರಿ ಟಿಪ್ಸ್ ಸುರಿಯುವಾಗ ಮೊದಲು ಕೈ ಹಾಕುವವನು ಅವನು. ಬಗ್ಗಿದ್ದು, ಸವೆದದ್ದು, ಬಣ್ಣ ಬಳಿದದ್ದು ಎಲ್ಲ ಎತ್ತಿಡುತ್ತಿದ್ದ ಮೊದಮೊದಲು. ಈಗ ತಿರುಗಿದ ಅಚ್ಚನ್ನು ನನಗಿಂತ ಬೇಗ ಹಿಡಿಯುತ್ತಾನೆ. ಮೊನ್ನೆ ಹೋದಾಗ ವಿಕ್ಸ್ ಡಬ್ಬಿ ತೆಗೆದು ಮುಂಬಯಿ ಗುರುತಿನ ಎರಡು ರೂಪಾಯಿಯೊಂದನ್ನು ಮೇಜಿನ ಮೇಲಿಟ್ಟ. ಅಂಚಿನಲ್ಲಿ ಕಮಾನಿನಂತೆ ಕತ್ತರಿಸಿತ್ತು. ಅರದಿಂದ ಉಜ್ಜಿದ್ದೇ ಎಂದು ನೋಡಿದೆ, ಅಲ್ಲ. ಕತ್ತರಿಸಿದ ಜಾಗದ ಎದುರು ದಂಡೆಯಲ್ಲಿ ಅಂಚಿನ ಉಬ್ಬು ಮಾಸಿತ್ತು, ಉಜ್ಜಿದ ನಾಣ್ಯದಲ್ಲಿ ಹಾಗೆ ಇರುವುದಿಲ್ಲ. ಅದನ್ನೂ ಅವನೇ ತೋರಿಸಿದ.

‘ಎಷ್ಟು?’ ಎಂದೆ.

‘ಮುನ್ನೂರು, ಮಾಮ.’

‘ಎರಡು ರೂಪಾಯಿಗೆ ಮುನ್ನೂರಾ?’

‘ನೀವು ಅಂತ ಮುನ್ನೂರು. ಫೋರ್ಟಿನವ ನಾನೂರು ಹೇಳಿದ್ದ, ಭಾನುವಾರ ಹೋಗಿದ್ದೆ.’

ಇನ್ನೂರಕ್ಕೆ ಕೇಳಿದೆ. ಅವನು ನಕ್ಕು, ಡಬ್ಬಿಯ ಮುಚ್ಚಳ ಹಾಕಿ, ಏಳನೇ ನಂಬರಿನ ಟೇಬಲ್ಲಿಗೆ ನೀರು ಕೊಡಲು ಹೋದ.